ಇದ್ದಿಲು, ಬಾರ್ಬೆಕ್ಯೂ ಮತ್ತು ನಮ್ಮಪ್ಪನ ಕಾಲು



ಹೋದ ಭಾನುವಾರ ನಾನು ಹಾಕಿದ ಒಂದು ಫೋಟೋಗೆ ಬಂದ ಕಾಮೆಂಟುಗಳನ್ನ ನೋಡಿ ಇದನ್ನ ಬರೀತಿದ್ದೀನಿ. ಫೋಟೋದಲ್ಲಿ ಇದ್ದದ್ದು ಇಷ್ಟೇ: ಒಂದು ಕಬ್ಬಿಣದ ಗ್ರಿಲ್ಲು, ಅದರೊಳಗೆ ನಿಗಿನಿಗಿ ಕೆಂಡ, ಮುಂದೆ ಸೆರಗು ಸಿಕ್ಕಿಸಿಕೊಂಡು ಇಕ್ಕಳ ಹಿಡ್ಕೊಂಡು ನಿಂತಿರೋ ನಾನು. ಅರ್ಧ ಜನ ಬೆಂಕಿಯ ಎಮೋಜಿ ಹಾಕಿದ್ರಿ. ಒಬ್ಬ ತಮ್ಮ, ಜಾಥಾಗಳಲ್ಲಿ ನನ್ನ ಪಕ್ಕದಲ್ಲೇ ನಡೆಯೋನು, "ಅಕ್ಕಾ, ನೀವೂ ಬಾರ್ಬೆಕ್ಯೂ ಪಾರ್ಟಿಗೆ ಸೇರಿದ್ರಾ? ಹೋರಾಟದ ಗತಿ?" ಅಂತ ಕೇಳಿದ. ನಗೋ ಎಮೋಜಿ ಹಾಕಿದ್ದ ನಿಜ, ಆದ್ರೂ ಚುಚ್ಚಿತು. ಅದೇ ದಿನ ಒಬ್ಬಳು ತಂಗಿ ಇನ್‌ಬಾಕ್ಸಿಗೆ ಬಂದು, "ಅಕ್ಕ, ನಾವು ಕೇರಿ ಹುಡುಗ್ರೆಲ್ಲ ಸೇರಿ ಮಾಡ್ಬೇಕು ಅಂತಿದ್ದೀವಿ. ಇದ್ದಿಲು ಯಾವ್ದು ತರೋದು, ಹೆಂಗೆ ಹಚ್ಚೋದು ಹೇಳಿ. ಹೋದ್ಸಲ ಕೋಳಿಯೆಲ್ಲ ಪೆಟ್ರೋಲ್ ನಾತ ಹೊಡೀತು" ಅಂದ್ಲು.

ಇಬ್ಬರಿಗೂ ಸೇರಿ ಒಂದೇ ಉತ್ತರ ಇದು. ಉದ್ದ ಇದೆ, ಟೀ ಇಟ್ಕೊಂಡು ಕೂತ್ಕೊಳ್ಳಿ.

ಮೊದಲು ಆ ಪಾರ್ಟಿ ಕತೆ. ನಮ್ಮ ಕಚೇರಿಯ ಹಿರಿಯರೊಬ್ಬರು ಊರಾಚೆ ಸಣ್ಣ ತೋಟ ಮಾಡಿದ್ದಾರೆ. ಬಡ್ತಿ ಸಿಕ್ಕಿದ ಖುಷಿಗೆ ಎಲ್ಲರನ್ನೂ ಕರೆದಿದ್ರು. ಆನ್‌ಲೈನಲ್ಲಿ ತರಿಸಿದ ಹೊಸ ಗ್ರಿಲ್ಲು, ಇನ್ನೂ ಸ್ಟಿಕ್ಕರ್ ಕಿತ್ತಿರಲಿಲ್ಲ. ಅದರ ಸುತ್ತ ಮೂರು ಜನ ಗಂಡಸರು, ಒಬ್ಬರ ಕೈಯಲ್ಲಿ ಯೂಟ್ಯೂಬ್, ಒಬ್ಬರ ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಬ್ಬರ ಕೈಯಲ್ಲಿ ಬೈಕಿಂದ ಹಿಂಡಿದ ಪೆಟ್ರೋಲ್ ಬಾಟಲಿ. ಸುರಿಯೋರು, ಹಚ್ಚೋರು, ಭಗ್ ಅಂತ ಆಳೆತ್ತರ ಉರಿ ಏಳೋದು, ಎಲ್ಲರೂ ಹಿಂದಕ್ಕೆ ಹಾರೋರು, ಎರಡು ನಿಮಿಷಕ್ಕೆ ಆರೋದು. ಇದ್ದಿಲು ಮಾತ್ರ ತಣ್ಣಗೆ ಕರ್ರಗೆ ಹಂಗೇ ಕೂತಿತ್ತು. ಮುಕ್ಕಾಲು ಗಂಟೆ ಈ ನಾಟಕ ನಡೀತು. ಮಕ್ಕಳು ಹಸಿವಿಗೆ ಅಳೋಕೆ ಶುರು ಮಾಡಿದ್ವು.

ನಾನು ಎದ್ದು ಹೋಗಿ ಆ ಪೆಟ್ರೋಲ್ ಬಾಟಲಿ ಮೊದಲು ಕಿತ್ಕೊಂಡೆ. ತೋಟದ ಮನೆ ಹಿಂದೆ ಒಂದು ಹಳೇ ಎಣ್ಣೆ ಡಬ್ಬ ಬಿದ್ದಿತ್ತು. ಮೊಳೆ, ಸುತ್ತಿಗೆ ಕೇಳಿದೆ. ಇಪ್ಪತ್ತು ನಿಮಿಷಕ್ಕೆ ಕೆಂಡ ರೆಡಿ. ಒಂದು ತೊಟ್ಟು ಎಣ್ಣೆ ಹಾಕಲಿಲ್ಲ.

ಆಗ ಒಬ್ಬರು, ಕೆಟ್ಟ ಮನುಷ್ಯ ಏನಲ್ಲ, ನಗ್ತಾ ಅಂದ್ರು: "ಬಿಡ್ರಿ, ಮೇಡಂಗೆ ಇದೆಲ್ಲಾ ಅಭ್ಯಾಸ."

ಅಭ್ಯಾಸ. ಈ ಪದ ಮನೆಗೆ ಬಂದ್ಮೇಲೂ ಕಿವಿಯಲ್ಲೇ ಇತ್ತು. ದೊಡ್ಡ ಹೋಟೆಲಲ್ಲಿ ಬಿಳೀ ಟೋಪಿ ಹಾಕ್ಕೊಂಡೋನು ಇದೇ ಕೆಲಸ ಮಾಡಿದ್ರೆ ಅದು ಪರಿಣತಿ, ಕಲೆ, ಅವನ ಹೆಸರಲ್ಲಿ ಮೆನು ಕಾರ್ಡು. ನಾವು ಮಾಡಿದ್ರೆ ಅಭ್ಯಾಸ. ಚರ್ಮ ಹದ ಮಾಡೋದು ಅಭ್ಯಾಸ, ತಮಟೆ ಕಾಯಿಸಿ ಹದಕ್ಕೆ ತರೋದು ಅಭ್ಯಾಸ, ಸೂಲಗಿತ್ತಿ ಕೆಲಸ ಅಭ್ಯಾಸ, ಬೆಂಕಿ ಕೂಡ ಅಭ್ಯಾಸ. ಯಾವುದನ್ನೂ ವಿದ್ಯೆ ಅಂತ ಕರೆಯೋಕೆ ಈ ನಾಡಿಗೆ ಬಾಯಿ ಬರಲ್ಲ. ಅದಕ್ಕೇ ಹಟಕ್ಕೆ ಬಿದ್ದು ಇವತ್ತು ಈ ವಿದ್ಯೆಯನ್ನ ಪಾಠದ ಥರಾನೇ ಬರೀತೀನಿ.

ನನಗೆ ಇದನ್ನ ಕಲಿಸಿದ್ದು ನಮ್ಮಪ್ಪ. ಪಾವಗಡ ಸೀಮೆಯ ಬಯಲು, ಕೆರೆ ಅಂಗಳ ತುಂಬ ಜಾಲಿ. ಬಳ್ಳಾರಿ ಜಾಲಿ ಅಂತೀವಲ್ಲ, ಅದೇ. ಬ್ರಿಟಿಷರ ಕಾಲದಲ್ಲಿ ಅಮೆರಿಕ ಖಂಡದಿಂದ ತಂದು ಬಿತ್ತಿದ ಮರ, ಈಗ ಯಾವ ಕೆರೆ ನೋಡಿದ್ರೂ ನೀರಿಗಿಂತ ಅದೇ ಜಾಸ್ತಿ. ಕಂಟ್ರಾಕ್ಟರು ಕೆರೆ ಅಂಗಳದ ಜಾಲಿ ಹರಾಜು ಕೂಗ್ತಿದ್ದ, ಅಪ್ಪ ಮತ್ತೆ ಕೇರಿಯ ನಾಲ್ಕು ಮನೆಯವರು ಕಡಿದು ಭಟ್ಟಿ ಹಾಕ್ತಿದ್ರು. (ತಮಾಷೆ ನೋಡಿ, ಅಮೆರಿಕದಲ್ಲಿ ಬಾರ್ಬೆಕ್ಯೂಗೆ ಅಂತ ಮೆಸ್ಕೀಟ್ ಇದ್ದಿಲನ್ನ ಹೊಗಳಿ ಹೊಗಳಿ ಮಾರ್ತಾರೆ. ಆ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ನಾವು ಬೈಕೊಂಡು ಮುಳ್ಳು ಚುಚ್ಚಿಸಿಕೊಳ್ಳೋ ಮರದ ಕುಲದ್ದೇ.)

ಇದ್ದಿಲು ಅಂದ್ರೆ ಸೌದೆ ಸುಟ್ಟು ಉಳಿದದ್ದು ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ. ಅಲ್ಲ. ಸೌದೆ ಪೂರಾ ಸುಟ್ರೆ ಉಳಿಯೋದು ಬೂದಿ. ಗಾಳಿ ಸಿಗದ ಹಾಗೆ ಬೇಯಿಸಿದ್ರೆ ಮಾತ್ರ ಇದ್ದಿಲು. ಸೌದೆಯನ್ನ ಒತ್ತೊತ್ತಾಗಿ ಜೋಡಿಸಿ, ಮೇಲೆ ಸೊಪ್ಪು ಹುಲ್ಲು ಹೊದಿಸಿ, ಅದರ ಮೇಲೆ ಹಸಿ ಮಣ್ಣು ಮೆತ್ತಿ, ಒಂದು ಕಡೆ ಬಾಯಿ ಬಿಟ್ಟು ಬೆಂಕಿ ಕೊಟ್ಟು, ಆಮೇಲೆ ಆ ಬಾಯೂ ಮುಚ್ಚಿ, ಸಣ್ಣ ಸಣ್ಣ ತೂತಲ್ಲಿ ಅದು ಉಸಿರಾಡೋ ಹಾಗೆ ಬಿಡಬೇಕು. ಮೊದಲು ದಟ್ಟ ಬಿಳೀ ಹೊಗೆ, ಅದು ಸೌದೆಯೊಳಗಿನ ನೀರು. ದಿನಗಟ್ಟಲೆ ಆದ್ಮೇಲೆ ಹೊಗೆ ತೆಳ್ಳಗಾಗಿ ನೀಲಿಗೆ ತಿರುಗುತ್ತೆ. ಆ ನೀಲಿ ನೋಡಿ ತೂತು ಮುಚ್ಚಬೇಕು. ಒಂದು ಗಂಟೆ ಮುಂಚೆ ಮುಚ್ಚಿದ್ರೆ ಹಸಿ, ತಡ ಆದ್ರೆ ಬೂದಿ. ನಾಲ್ಕೈದು ಕೆಜಿ ಸೌದೆ ತಿಂದು ಭಟ್ಟಿ ಒಂದು ಕೆಜಿ ಇದ್ದಿಲು ಕೊಡುತ್ತೆ. ಹಗಲು ರಾತ್ರಿ ಕಾಯಬೇಕು, ಎಲ್ಲಾದ್ರೂ ಮಣ್ಣು ಬಿರುಕು ಬಿಟ್ರೆ ಓಡಿ ಹೋಗಿ ಮೆತ್ತಬೇಕು. ಗಾಳಿ ನುಗ್ಗಿದ್ರೆ ಮುಗೀತು. ನಮ್ಮಪ್ಪನಿಗೆ ಥರ್ಮಾಮೀಟರ್ ಇರಲಿಲ್ಲ. ಹೊಗೆ ಬಣ್ಣ, ಮಣ್ಣಿನ ಬಿಸಿ, ಮೂಗು, ಇಷ್ಟೇ.

ಒಂದು ರಾತ್ರಿ ಬಿರುಕು ಮುಚ್ಚೋಕೆ ಭಟ್ಟಿ ಮೇಲೆ ಹತ್ತಿದಾಗ ಮಣ್ಣು ಕುಸೀತು. ಬಲಗಾಲು ಮೊಣಕಾಲವರೆಗೆ ಒಳಗೆ ಹೋಯ್ತು. ನನಗೆ ಆಗ ಒಂಬತ್ತು ವರ್ಷ. ಅಪ್ಪನ ಆ ಕಾಲು ಕೊನೇವರೆಗೂ ಸುಟ್ಟ ಬದನೆಕಾಯಿ ಸಿಪ್ಪೆ ಥರ ಇತ್ತು. ಚಳಿಗಾಲದಲ್ಲಿ ಬಿರಿದು ಕೀವಾಗೋದು. ಆ ಭಟ್ಟಿಯ ಇದ್ದಿಲೆಲ್ಲ ಬೂದಿ ಆಯ್ತು ಅಂತ ಕಂಟ್ರಾಕ್ಟರು ನಷ್ಟವನ್ನ ಅಪ್ಪನ ಲೆಕ್ಕಕ್ಕೇ ಬರೆದ.

ಈ ಕತೆಗೆ ಆಮೇಲೆ ಬರ್ತೀನಿ. ಈಗ ತಂಗಿ ಕೇಳಿದ ಪ್ರಶ್ನೆ.

ಇದ್ದಿಲು ಆರಿಸೋಕೆ ಮೊದಲು ಕಿವಿ ಬೇಕು. ಎರಡು ತುಂಡು ತಗೊಂಡು ಒಂದಕ್ಕೊಂದು ತಟ್ಟಿ. ಚೆನ್ನಾಗಿ ಬೆಂದ ಇದ್ದಿಲು ಹಂಚು ತಟ್ಟಿದ ಹಾಗೆ ಠಣ್ ಅನ್ನುತ್ತೆ. ದಬ್ ಅಂದ್ರೆ ಹಸಿ ಇದೆ, ಇಲ್ಲಾ ತೇವ ಹೀರಿದೆ. ಮುರಿದು ನೋಡಿ, ಒಳಗೆ ಪೂರ್ತಿ ಕಪ್ಪಗೆ ಹೊಳೀಬೇಕು. ಕಂದು ಬಣ್ಣ ಕಂಡ್ರೆ ಅದಿನ್ನೂ ಸೌದೆ, ಹಚ್ಚಿದ್ರೆ ಕಣ್ಣೀರು ಸುರಿಸೋ ಹೊಗೆ ಕೊಡುತ್ತೆ. ಮೂಟೆಯ ತಳ ಮುಟ್ಟಿ ನೋಡಿ. ಅರ್ಧ ಮೂಟೆ ಪುಡಿ ಇದ್ರೆ ವಾಪಸ್ ಕೊಡಿ, ಪುಡಿ ಗಾಳಿಗೆ ದಾರಿ ಬಿಡಲ್ಲ, ಬೆಂಕಿ ಉಸಿರುಗಟ್ಟುತ್ತೆ. ಕೋಳಿ ಮೊಟ್ಟೆಯಿಂದ ಮುಷ್ಟಿ ಗಾತ್ರದವರೆಗಿನ ತುಂಡು ಇದ್ರೆ ಸರಿ.

ಜಾಲಿ ಇದ್ದಿಲು ನಮ್ಮ ಕಡೆ ಸುಲಭಕ್ಕೆ ಸಿಗುತ್ತೆ, ಕಾವು ಜೋರು. ಆದ್ರೆ ಚಟಪಟ ಸಿಡಿಯುತ್ತೆ, ಮಕ್ಕಳನ್ನ ದೂರ ಇಡಿ, ನೈಲಾನ್ ಸೀರೆ ಬೇಡ. ಸರ್ವೆ ಮರದ್ದು ಗಟ್ಟಿ. ತೆಂಗಿನ ಚಿಪ್ಪಿನ ಇದ್ದಿಲು ಹತ್ತೋದು ನಿಧಾನ, ಹತ್ತಿದ ಮೇಲೆ ಹೊಗೆ ಕಮ್ಮಿ, ಕಾವು ಒಂದೇ ಸಮ, ತುಂಬ ಹೊತ್ತು ಇರುತ್ತೆ. ಎಲ್ಲಿ ಸಿಗುತ್ತೆ ಅಂತ ಗೊತ್ತಾಗದಿದ್ರೆ ನಿಮ್ಮ ಬೀದಿಯ ಇಸ್ತ್ರಿ ಗಾಡಿಯವರನ್ನ ಕೇಳಿ. ಇದ್ದಿಲಿನ ವಿಷಯದಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿರೋರು ಪೇಟೆಯಲ್ಲಿ ಯಾರೂ ಇಲ್ಲ. ಸೂಪರ್ ಮಾರ್ಕೆಟಿನ ಚೀಲದಲ್ಲಿ ಬರೋ ದಿಂಬಿನಾಕಾರದ ಬಿಲ್ಲೆಗಳು ಇದಾವಲ್ಲ, ಬ್ರಿಕೆಟ್ ಅಂತಾರೆ, ಅವು ಇದ್ದಿಲು ಪುಡಿಗೆ ಗಂಜಿ ಸೇರಿಸಿ ಅಚ್ಚು ಹಾಕಿದ್ದು. ಅಮೆರಿಕದಲ್ಲಿ 1920ರ ದಶಕದಲ್ಲಿ ಕಾರಿನ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯ ಮರದ ಚೂರು ವೇಸ್ಟ್ ಆಗ್ತಿದೆ ಅಂತ ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿಸಿ ಕಾರಿನ ಅಂಗಡಿಗಳಲ್ಲೇ ಮಾರಿಸಿದ. ಬಿಲ್ಲೆ ತಪ್ಪೇನಲ್ಲ, ಒಂದೇ ಸಮ ಉರಿಯುತ್ತೆ, ಬೂದಿ ಜಾಸ್ತಿ. ಕಡ್ಡಿ ಗೀರಿದ್ರೆ ಸಾಕು ಹತ್ತುತ್ತೆ ಅಂತ ಮಾರೋದು ಮಾತ್ರ ತಗೋಬೇಡಿ, ಅದಕ್ಕೆ ಎಣ್ಣೆ ಕುಡಿಸಿರ್ತಾರೆ.

ಇನ್ನು ಹಚ್ಚೋದು. ಐದು ಲೀಟರಿನ ತಗಡಿನ ಎಣ್ಣೆ ಡಬ್ಬ ತಗೊಳ್ಳಿ, ಅಡುಗೆ ಎಣ್ಣೆದು, ಪೇಂಟ್ ಡಬ್ಬ ಖಂಡಿತ ಬೇಡ. ಮೇಲಿನ ಮುಚ್ಚಳ ಪೂರ್ತಿ ಕತ್ತರಿಸಿ. ಕೆಳಗೆ ಸುತ್ತಲೂ ಹೆಬ್ಬೆರಳು ಹೋಗೋ ಅಷ್ಟು ದೊಡ್ಡ ಹತ್ತು ಹನ್ನೆರಡು ತೂತು. ತಳದಿಂದ ನಾಲ್ಕು ಬೆರಳು ಮೇಲೆ ಎರಡು ಕಬ್ಬಿಣದ ಸರಳು ತೂರಿಸಿ ಅದರ ಮೇಲೊಂದು ತಂತಿ ಜಾಲರಿ. ಮೊದಲನೇ ಸಲ ಖಾಲಿ ಡಬ್ಬದಲ್ಲಿ ಬಯಲಲ್ಲಿ ಒಂದು ಪೇಪರ್ ಉರಿ ಹಾಕಿ ಬಣ್ಣ ಸುಟ್ಟುಬಿಡಿ. ಆಮೇಲೆ ಜಾಲರಿ ಕೆಳಗೆ ಎರಡು ಹಾಳೆ ನ್ಯೂಸ್‌ಪೇಪರು ಸಡಿಲವಾಗಿ ಮುದುರಿ ಒಂದು ಹಿಡಿ ತೆಂಗಿನ ನಾರು, ಜಾಲರಿ ಮೇಲೆ ಇದ್ದಿಲು ತುಂಬಿ, ಕೆಳಗಿನ ತೂತಿಂದ ಕಡ್ಡಿ ಗೀರಿ. ಅಷ್ಟೇ. ಊದಬೇಡಿ, ಬೀಸಬೇಡಿ, ಬಗ್ಗಿ ಬಗ್ಗಿ ನೋಡಬೇಡಿ. ಬಿಸಿ ಗಾಳಿ ಮೇಲಕ್ಕೆ ಹೋಗ್ತಾ ಕೆಳಗಿಂದ ತಣ್ಣನೆ ಗಾಳಿಯನ್ನ ತಾನೇ ಎಳ್ಕೊಳ್ಳುತ್ತೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮೇಲಿನ ತುಂಡುಗಳ ಅಂಚಿಗೆ ಬೂದಿ ಬಣ್ಣ ಬರುತ್ತೆ. ಆಗ ದಪ್ಪ ಗೋಣಿಬಟ್ಟೆ ಒದ್ದೆ ಮಾಡದೆ ಮಡಚಿ ಹಿಡ್ಕೊಂಡು, ಇಕ್ಕಳದ ಸಹಾಯ ತಗೊಂಡು ಗ್ರಿಲ್ಲಿಗೆ ಸುರೀರಿ. ಒದ್ದೆ ಬಟ್ಟೆ ಹಿಡಿದ್ರೆ ಆವಿ ಕೈ ಸುಡುತ್ತೆ, ನಾನೇ ಸುಡಿಸಿಕೊಂಡಿದ್ದೀನಿ.

ಸುರಿಯೋವಾಗ ಎಲ್ಲಾ ಕೆಂಡ ಒಂದೇ ಕಡೆ ಇರಲಿ, ಇನ್ನೊಂದು ಅರ್ಧ ಖಾಲಿ ಬಿಡಿ. ಇದೇ ಗುಟ್ಟು. ಕೋಳಿ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಉರಿ ಎದ್ದಾಗ ತುಂಡನ್ನ ಖಾಲಿ ಕಡೆಗೆ ಜರುಗಿಸಿ. ಬೇಯಬೇಕಾದ್ದು ಕೆಂಡದ ಕಾವಲ್ಲಿ, ಉರಿಯ ಮೇಲಲ್ಲ. ಆವತ್ತು ನಮ್ಮ ಸಾಹೇಬರುಗಳು ಉರಿ ಕಂಡ ತಕ್ಷಣ ಕೋಳಿ ಇಡೋಕೆ ಓಡಿ ಬಂದ್ರು. ಹೊರಗೆ ಕಪ್ಪು, ಒಳಗೆ ರಕ್ತ, ಅದೇ ಆಗೋದು ಹಂಗೆ ಮಾಡಿದ್ರೆ. ಕಾವು ಎಷ್ಟಿದೆ ಅಂತ ನೋಡೋಕೆ ಜಾಲರಿಗಿಂತ ಒಂದು ಗೇಣು ಮೇಲೆ ಅಂಗೈ ಹಿಡೀರಿ. ಎರಡು ಮೂರು ಎಣಿಸೋದ್ರೊಳಗೆ ಕೈ ತೆಗೀಬೇಕು ಅನ್ನಿಸಿದ್ರೆ ಕಾವು ಜೋರು, ಐದಾರು ಎಣಿಸೋವರೆಗೆ ತಡೆದ್ರೆ ಕೋಳಿ ಕಾಲಿಗೆ ಹದ. ಎರಡು ಕೆಜಿ ಕೋಳಿಗೆ ನಾನು ಒಂದೂವರೆ ಕೆಜಿ ಇದ್ದಿಲು ತಗೋತೀನಿ.

ಒಂದು ವಿಷಯ ಜೋರಾಗಿ ಹೇಳ್ಬೇಕು. ಕೆಂಡವನ್ನ ಯಾವ ಕಾರಣಕ್ಕೂ ಮನೆಯೊಳಗೆ ತರಬೇಡಿ. ಮಳೆ ಬಂತು ಅಂತ ಗ್ರಿಲ್ಲನ್ನ ಒಳಗೆ ಎಳ್ಕೊಳ್ಳೋದು, ಚಳಿಗೆ ಅಂತ ಬಾಣಲೆಯಲ್ಲಿ ಕೆಂಡ ಇಟ್ಕೊಂಡು ಬಾಗಿಲು ಹಾಕಿ ಮಲಗೋದು, ಎರಡೂ ಸಾವು. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಹೊಗೆ ನಿಂತ ಮೇಲೂ ಬರ್ತಾನೇ ಇರುತ್ತೆ. ನಮ್ಮ ಜನ ಇರೋದು ಒಂದೇ ಕೋಣೆಯ ಮನೆಗಳಲ್ಲಿ, ಕಿಟಕಿ ಇದ್ರೆ ಇದೆ ಇಲ್ಲದಿದ್ರೆ ಇಲ್ಲ. ಹಾಗಾಗಿ ಹೇಳ್ತಿದ್ದೀನಿ.

ಈಗ ಹೊಗೆ ಹಾಕೋದು, ಸ್ಮೋಕಿಂಗ್ ಅಂತಾರಲ್ಲ ಅದು. ಇದನ್ನ ಬರೆಯೋವಾಗ ನನಗೆ ಕೈ ನಿಲ್ಲುತ್ತೆ.

ಅವ್ವ ಬಾಡನ್ನ ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ, ಬಿಸಿಲಿಗೆ ಒಣಗಿಸಿ, ಒಲೆ ಮೇಲಿನ ಹಗ್ಗಕ್ಕೆ ಹಾಕ್ತಿದ್ಲು. ದಿನಾ ಮುದ್ದೆ ಬೇಯೋವಾಗ ಏಳೋ ಹೊಗೆ ಅದಕ್ಕೆ ಹಿಡೀತಿತ್ತು. ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ಎರಡು ತುಂಡು ಇಳಿಸಿ, ಕೆಂಡದ ಮೇಲೆ ಸುಟ್ಟು, ಕಲ್ಲಲ್ಲಿ ಜಜ್ಜಿ, ಈರುಳ್ಳಿ ಹಸಿಮೆಣಸಿನಕಾಯಿ ಜೊತೆ ಕೊಟ್ರೆ ಒಂದು ಮುದ್ದೆ ಜಾಸ್ತಿ ಇಳಿಯೋದು. ಅದು ದನದ ಬಾಡು. ಮುಚ್ಚಿಡೋಕೆ ಏನಿದೆ. ನಾನು ಬಿ.ಎ. ಓದೋಕೆ ಪೇಟೆಗೆ ಬಂದಾಗ ನನ್ನ ಎರಡು ಜೊತೆ ಬಟ್ಟೆಗೂ ಆ ಹೊಗೆ ವಾಸನೆ ಇತ್ತು. ಬೆಂಚಲ್ಲಿ ಪಕ್ಕ ಕೂತಿದ್ದ ಹುಡುಗಿ ಎರಡನೇ ದಿನ ಮೂಗಿಗೆ ಕರ್ಚೀಫ್ ಹಿಡಿದ್ಲು, ಮೂರನೇ ದಿನ ಜಾಗ ಬದಲಾಯಿಸಿದ್ಲು. ಜಾತಿ ಕೇಳಲೇ ಇಲ್ಲ. ವಾಸನೆ ಸಾಕಾಗಿತ್ತು. ಆ ವರ್ಷ ಪೂರ್ತಿ ನಾನು ಒಂದು ಬಟ್ಟೆಯನ್ನ ಮೂರು ಮೂರು ಸಲ ಒಗೀತಿದ್ದೆ, ಊರಿಗೆ ಹೋದ್ರೆ ಒಲೆ ಹತ್ರ ಕೂರ್ತಿರಲಿಲ್ಲ. ಅವ್ವ "ಯಾಕೆ ಮಗಾ ದೂರ ಕೂತೀಯ" ಅಂದ್ರೆ ಕಣ್ಣುರಿ ಅಂತ ಸುಳ್ಳು ಹೇಳ್ತಿದ್ದೆ.

ಆವತ್ತು ತೋಟದಲ್ಲಿ ಒಬ್ಬರು ಕೋಳಿ ತುಂಡು ಮೂಸಿ ನೋಡಿ, "ವಾಹ್, ಆ ಸ್ಮೋಕಿ ಫ್ಲೇವರ್ ನೋಡ್ರಿ" ಅಂದ್ರು. ನಾನು ಏನೂ ಅನ್ನಲಿಲ್ಲ. ಎಲ್ಲಿಂದ ಶುರು ಮಾಡೋದು?

ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಅಂದದ್ದು ಗೊತ್ತು. ಅವರು ಬಿಡಿ ಅಂದದ್ದು ಗುಲಾಮಗಿರಿಯ ಕೂಲಿಯಾಗಿ ಬಂದ ತುತ್ತನ್ನ. ಅದನ್ನ ಹಿಡ್ಕೊಂಡು ನಮ್ಮಲ್ಲೇ ಕೆಲವರು ಒಣಬಾಡು ಅಂದ್ರೆ ಮುಖ ಸಿಂಡರಿಸ್ತಾರೆ, ಅದು ಬೇರೆ ಚರ್ಚೆ. ಈಗಂತೂ 2021ರಿಂದ ಜಾರಿಯಾದ ಕಾಯ್ದೆ ಬಂದು 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ದನದ ವಧೆ ಅಪರಾಧ ಆಗಿದೆ. ಅವ್ವನ ಹಗ್ಗ ಖಾಲಿ. ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮಾಂಸವನ್ನ ಹೆಂಡ ತಂಬಾಕಿನ ಸಾಲಿಗೆ ಸೇರಿಸಿ ನಿಷೇಧ ಅಂದಾಗ ನೀವೆಲ್ಲ ಬಾಡೂಟ ಬೇಕು ಅಂತ ಬೀದಿಗಿಳಿದಿರಿ. ಊಟದ ಪ್ರಶ್ನೆ ಎತ್ತಿದೋರು ಅಡುಗೆಯ ಪ್ರಶ್ನೆಗೆ ಯಾಕೆ ನಗಬೇಕು ತಮ್ಮಾ?

ಕೋಳಿಗೆ ಹೊಗೆ ಹಾಕೋದು ಹೇಳಿ ಮುಗಿಸ್ತೀನಿ. ಕೆಂಡ ಕಮ್ಮಿ ಇರಲಿ, ಒಂದು ಮೂಲೆಗೆ. ಅದರ ಮೇಲೆ ಒಣಗಿದ ಸೀಬೆ, ಮಾವು, ಹುಣಸೆ, ಯಾವುದಾದ್ರೂ ಒಂದು ಮರದ ಎರಡು ತುಂಡು. ಬೇವು ಬೇಡ. ಪ್ಲೈವುಡ್ಡು, ಬಣ್ಣ ಬಳಿದ ಕಿಟಕಿ ಚೂರು ವಿಷ. ಬಾಡು ಇನ್ನೊಂದು ಮೂಲೆಗೆ, ಮುಚ್ಚಳ ಮುಚ್ಚಿ, ಗಾಳಿ ತೂತು ಅರ್ಧ ತೆಗೆದು, ಕೈಗೆ ಕೆಲಸ ಇಲ್ಲದೆ ಕೂತ್ಕೊಳ್ಳಿ. ಒಳಗಿನ ಕಾವು 110 ಡಿಗ್ರಿ ಸುತ್ತಮುತ್ತ ಇದ್ರೆ ಕೋಳಿಗೆ ಎರಡು ಮೂರು ಗಂಟೆ. ದಟ್ಟ ಬಿಳೀ ಹೊಗೆ ಬರ್ತಿದ್ರೆ ಬಾಡು ಕಹಿ ಆಗುತ್ತೆ, ಗಾಳಿ ಜಾಸ್ತಿ ಕೊಡಿ. ತೆಳ್ಳನೆ ನೀಲಿ ಹೊಗೆ ಬರಬೇಕು. ಅಪ್ಪ ಭಟ್ಟಿಯಲ್ಲಿ ಕಾಯ್ತಿದ್ದನಲ್ಲ, ಅದೇ ನೀಲಿ. ತೊಡೆಯ ದಪ್ಪ ಭಾಗ ಚುಚ್ಚಿದ್ರೆ ಬರೋ ರಸ ತಿಳಿಯಾಗಿರಬೇಕು, ಕೆಂಪಿದ್ರೆ ಇನ್ನೂ ಬೇಯಿಸಿ.

"ಬಾರ್ಬೆಕ್ಯೂ ಅಂದ್ರೆ ಶ್ರೀಮಂತರ ಶೋಕಿ" ಅನ್ನೋ ತಮ್ಮನಿಗೆ ಇನ್ನೊಂದು ಮಾತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಂಡಿ ತೋಡಿ, ಸೌದೆ ಸುಟ್ಟು ಕೆಂಡ ಮಾಡಿ, ಸಲಿಕೆಯಲ್ಲಿ ಹರಡಿ, ರಾತ್ರಿಯಿಡೀ ನಿದ್ದೆಗೆಟ್ಟು ಇಡೀ ಹಂದಿ ಬೇಯಿಸ್ತಿದ್ದ ಕೈಗಳು ಬಹುಪಾಲು ಗುಲಾಮರಾಗಿದ್ದ ಕಪ್ಪು ಜನರವು. ಹಬ್ಬ ಧಣಿಗಳದ್ದು. 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದ ಇಬ್ಬರಲ್ಲಿ ಒಬ್ಬ ಬಾಬಿ ಸೀಲ್. ಆ ಪ್ಯಾಂಥರ್ ಹೆಸರನ್ನೇ ತಗೊಂಡು 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಮುಂತಾದವರು ದಲಿತ ಪ್ಯಾಂಥರ್ಸ್ ಕಟ್ಟಿದ್ದು ನಿಮಗೆ ಬಾಯಿಪಾಠ. ಆದ್ರೆ ಬಾಬಿ ಸೀಲ್ 1988ರಲ್ಲಿ ಏನು ಬರೆದ ಗೊತ್ತಾ? ಒಂದು ಬಾರ್ಬೆಕ್ಯೂ ಪುಸ್ತಕ. ಜೈಲು, ಕೋರ್ಟು, ಬಂದೂಕು ಎಲ್ಲ ಕಂಡ ಮನುಷ್ಯ ಕೂತು ಬಾಡು ಹೆಂಗೆ ಬೇಯಿಸೋದು ಅಂತ ಪುಸ್ತಕ ಮಾಡಿದ. ಆಗ್ಲೂ ಯಾರಾದ್ರೂ "ಏನಣ್ಣಾ, ಹೋರಾಟದ ಗತಿ" ಅಂತ ಕೇಳಿರ್ತಾರೆ ಬಿಡು.

ಹಾಗಾದ್ರೆ ತಮ್ಮನ ಮಾತಲ್ಲಿ ಹುರುಳೇ ಇಲ್ವಾ? ಇದೆ. ಅವನು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. "ಅಕ್ಕಾ, ಆ ಇದ್ದಿಲು ಯಾರು ಸುಟ್ಟಿದ್ದು?" ಅಂತ ಕೇಳಿದ್ರೆ ನಾನು ಆವತ್ತು ತಲೆ ತಗ್ಗಿಸ್ತಿದ್ದೆ. ಯಾಕಂದ್ರೆ ಆ ಮೂಟೆ ಎಲ್ಲಿಂದ ಬಂತು ಅಂತ ನಾನೂ ಕೇಳಿರಲಿಲ್ಲ.

ಇದ್ದಿಲು ಭಟ್ಟಿ ಅಂದ್ರೆ ಮುಂಗಡ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದಾಗ, ಮದುವೆಗೋ ಆಸ್ಪತ್ರೆಗೋ ಅಂತ ಏಜೆಂಟ್ ಕೈಗೆ ದುಡ್ಡು ಇಡ್ತಾನೆ. ಆಮೇಲೆ ಗಂಡ ಹೆಂಡತಿ ಮಕ್ಕಳು ಎಲ್ಲ ಕೆರೆ ಅಂಗಳದಲ್ಲಿ ಗುಡಿಸಲು ಹಾಕ್ಕೊಂಡು ಲೆಕ್ಕ ತೀರೋವರೆಗೂ ಸುಡಬೇಕು. ಲೆಕ್ಕದ ಪುಸ್ತಕ ಅವನ ಹತ್ರ. ತೂಕದ ತಕ್ಕಡಿ ಅವನದೇ. ಮಹಾರಾಷ್ಟ್ರದ ರಾಯಗಡ ಕಡೆಯ ಕಾತ್ಕರಿ ಆದಿವಾಸಿ ಕುಟುಂಬಗಳು ಇದೇ ಮುಂಗಡದ ಮೇಲೆ ನಮ್ಮ ಕರ್ನಾಟಕದ ಭಟ್ಟಿಗಳವರೆಗೂ ಬರ್ತಾವೆ. ತಮಿಳುನಾಡಿನಲ್ಲಿ ಇರುಳರ ಕತೆಯೂ ಇದೇ. ಹೋಟೆಲಿನ ತಂದೂರಿ ಒಲೆಗೆ, ಕಬಾಬ್ ಗಾಡಿಗೆ, ಈಗ ತೋಟದ ಮನೆ ಗ್ರಿಲ್ಲಿಗೆ ಹೋಗೋ ಇದ್ದಿಲಿನ ಹಿಂದೆ ಇರೋ ಜನ ಹಿಂಗಿರಬಹುದು.

ನಮ್ಮಪ್ಪನ್ನ ನಾನು ಬಹಳ ವರ್ಷ "ಕೂಲಿ ಮಾಡ್ತಿದ್ದ" ಅಂತಲೇ ಹೇಳ್ತಿದ್ದೆ. ನೌಕರಿ ಸಿಕ್ಕಿ ಕೆಲವು ವರ್ಷ ಆದ್ಮೇಲೆ ಒಂದು ಫೈಲ್ ನನ್ನ ಟೇಬಲ್ಲಿಗೆ ಬಂತು. ಜೀತ ವಿಮುಕ್ತಿಯದು. ಟಿಪ್ಪಣಿ ಬರೆಯೋಕೆ ಅಂತ 1976ರ ಜೀತ ಪದ್ಧತಿ ರದ್ಧತಿ ಕಾಯ್ದೆಯನ್ನ ಮೊದಲನೇ ಸಲ ಪೂರ್ತಿ ಓದಿದೆ. ಮುಂಗಡ ಕೊಟ್ಟು, ಅದರ ಬದಲಿಗೆ ಬೇರೆ ಕಡೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಕಿತ್ಕೊಂಡ್ರೆ, ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ರೆ, ಅದು ಜೀತ. ಸರಪಳಿ ಬೇಕಾಗಿಲ್ಲ. ಓದ್ತಾ ಓದ್ತಾ ಕಂಟ್ರಾಕ್ಟರು ಅಪ್ಪನ ಲೆಕ್ಕಕ್ಕೆ ಬರೆದ ಆ ನಷ್ಟ ನೆನಪಾಯ್ತು. ಕಾಲು ಸುಟ್ಕೊಂಡು ಮಲಗಿದ್ದ ಮೂರು ತಿಂಗಳಿಗೆ ಬದಲಾಗಿ ಅವ್ವ ಹೋಗಿ ದುಡಿದದ್ದು ನೆನಪಾಯ್ತು. ನಾನು ಹುಟ್ಟೋಕ್ಕಿಂತ ಮೊದಲೇ ಕಾನೂನು ಬಂದಿತ್ತು, ನಮ್ಮಪ್ಪನ ಸಾಲ ಅವತ್ತಿನ ಕಾನೂನಿನ ಪ್ರಕಾರ ಸಾಲವೇ ಅಲ್ಲ. ಅಪ್ಪ ಅದನ್ನ ತೀರಿಸೋಕೆ ಇನ್ನೂ ನಾಲ್ಕು ವರ್ಷ ಭಟ್ಟಿ ಹಾಕಿದ. ಆವತ್ತು ಊಟದ ಹೊತ್ತಲ್ಲಿ ಡಬ್ಬಿ ಬಿಚ್ಚಲಿಲ್ಲ ನಾನು. ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದ, ಹೇಳೋಕೂ ಯಾರೂ ಇರಲಿಲ್ಲ.

ಅದಕ್ಕೇ ತಂಗೀ, ಇದ್ದಿಲು ತರೋಕೆ ಹೋದಾಗ ಠಣ್ ಅನ್ನುತ್ತಾ ಅಂತ ನೋಡೋ ಜೊತೆಗೆ ಅಂಗಡಿಯವನನ್ನ ಕೇಳು: ಯಾವ ಮರ, ಯಾವ ಸೀಮೆ, ಯಾರ ಲಾರಿ. ಹತ್ತರಲ್ಲಿ ಎಂಟು ಜನ ಗೊತ್ತಿಲ್ಲ ಅಂತಾರೆ. ಎರಡು ಜನ ಹೇಳ್ತಾರೆ. ಲಾರಿ ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಾದ್ರೆ ನಾವು ನಾಲ್ಕು ಜನ ಒಂದು ಭಾನುವಾರ ಆ ಕೆರೆ ಕಡೆ ಹೋಗಿ ಬರೋಣ. ಭಟ್ಟಿ ಹತ್ರ ಮಕ್ಕಳು ಇದಾರಾ, ಮುಂಗಡ ಎಷ್ಟು, ಊರಿಗೆ ಹೋಗೋಕೆ ಬಿಡ್ತಾರಾ, ಮೆಲ್ಲಗೆ ಮಾತಾಡಿಸಿ ಕೇಳೋದು. ಅಲ್ಲೇ ಫೋಟೋ ಹಾಕಿ ಲೈವ್ ಮಾಡಬೇಡಿ, ರಾತ್ರೋರಾತ್ರಿ ಜನರನ್ನ ಲಾರಿಗೆ ತುಂಬಿ ಬೇರೆ ಕಡೆ ಸಾಗಿಸಿಬಿಡ್ತಾರೆ. ಜಿಲ್ಲಾಧಿಕಾರಿಗೆ, ಉಪವಿಭಾಗಾಧಿಕಾರಿಗೆ ಲಿಖಿತ ದೂರು, ಜೊತೆಗೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ಬಿಡುಗಡೆ ಪತ್ರ ಕೈಗೆ ಬರೋವರೆಗೂ ಬೆನ್ನು ಬಿಡಬಾರದು, ಅದಿಲ್ಲದೆ ಪುನರ್ವಸತಿಯ ಒಂದು ರೂಪಾಯಿಯೂ ಬರಲ್ಲ. ಅರ್ಜಿ ಬರೆಯೋದು ನನಗೆ ಬಿಡಿ. ಇಪ್ಪತ್ತು ವರ್ಷದಿಂದ ಅದೇ ನನ್ನ ಅಭ್ಯಾಸ.

ಇನ್ನೂ ಒಂದು ಮರೆತೆ. ಊಟ ಆದ್ಮೇಲೆ ಕೆಂಡಕ್ಕೆ ನೀರು ಸುರೀಬೇಡಿ. ಆವಿ ಮುಖಕ್ಕೆ ಹೊಡೆಯುತ್ತೆ, ಗ್ರಿಲ್ಲಿನ ತಗಡೂ ಸೊಟ್ಟಗಾಗುತ್ತೆ. ಮುಚ್ಚಳ ಹಾಕಿ ಎಲ್ಲಾ ತೂತೂ ಮುಚ್ಚಿಬಿಡಿ, ಗಾಳಿ ಇಲ್ಲದೆ ತಾನೇ ಆರುತ್ತೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತೆ, ಅದು ಹೊಸದಕ್ಕಿಂತ ಬೇಗ ಹತ್ತುತ್ತೆ. ಬೂದಿಯನ್ನ ಮಾತ್ರ ಪೂರ್ತಿ ಒಂದು ದಿನ ಬಿಟ್ಟು ತೆಗೀರಿ, ಒಳಗೆ ಕೆಂಡ ಅಡಗಿರುತ್ತೆ. ತಿಪ್ಪೆಗೆ ಎಸೆದ ಬೂದಿಯಿಂದ ಬಣವೆ ಹತ್ತಿ ಉರಿದದ್ದನ್ನ ನಮ್ಮೂರಲ್ಲೇ ನೋಡಿದ್ದೀನಿ.

ತಂಗೀ, ದಿನ ಗೊತ್ತುಮಾಡಿ ತಿಳಿಸು. ಡಬ್ಬ ನಾನು ತರ್ತೀನಿ, ತೂತು ಹೊಡೆದು ರೆಡಿ ಇದೆ. ತಮ್ಮಾ, ನೀನು ಅವತ್ತು ಬೇಗ ಬಾ, ಇದ್ದಿಲು ಅಂಗಡಿಗೆ ನೀನೇ ಹೋಗಬೇಕು.